ವಾಚು ರಿಪೇರಿಗೆ ಕೊಟ್ಟ ಐದು ದಿನ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳಿಗೆ ಮಾರ್ಚ್ ಎಂದರೆ ಪ್ರಶ್ನೆಪತ್ರಿಕೆಯ ಕಟ್ಟು, ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆ, ಗೈರುಹಾಜರಾದವರ ಪಟ್ಟಿ. ಆ ತಿಂಗಳಲ್ಲಿ ಸಾಗರ ಬಿಟ್ಟು ಎಲ್ಲಿಗಾದರೂ ಹೋದ ನೆನಪೇ ನನಗಿಲ್ಲ. ನಿವೃತ್ತಿಯ ನಂತರದ ಮೊದಲ ಮಾರ್ಚಿನಲ್ಲಿ ಬೆಂಗಳೂರಿಗೆ ಹೊರಡಲು ಒಂದು ನೆಪ ಬೇಕಾಗಿತ್ತು, ಅದು ಅಪ್ಪನ ಕಪಾಟಿನಲ್ಲಿ ಸಿಕ್ಕಿತು. ಅಂಚೆ ಕಚೇರಿಯ ಗುಮಾಸ್ತರಾಗಿದ್ದ ಅಪ್ಪ 1979ರಲ್ಲಿ ಕೊಂಡ ಎಚ್‌ಎಂಟಿ ಜನತಾ ಕೈಗಡಿಯಾರ ಅದು. ಬಿಳಿಯ ಮುಖ, ಅದರ ಮೇಲೆ ಹಿಂದಿ ಅಕ್ಷರದಲ್ಲಿ ‘ಜನತಾ’ ಎಂಬ ಹೆಸರು, ದಿನಕ್ಕೊಮ್ಮೆ ಕೀಲಿ ಕೊಡಬೇಕಾದ ಯಂತ್ರ. ಅಪ್ಪ ಹೋದ ಮೇಲೆ ನಾಲ್ಕು ವರ್ಷ ನಾನೇ ಕೀಲಿ ಕೊಡುತ್ತಿದ್ದೆ. ಕಳೆದ ಮಳೆಗಾಲದಲ್ಲಿ ಅದು ನಿಂತಿತು. ಸಾಗರದಲ್ಲಿ ಅಂಥ ವಾಚುಗಳನ್ನು ಬಿಚ್ಚಬಲ್ಲವರಾಗಿದ್ದ ಒಬ್ಬರೇ ಒಬ್ಬರು ಅಂಗಡಿ ಮುಚ್ಚಿ ಮಗನ ಮನೆ ಸೇರಿಕೊಂಡಿದ್ದರು.

‘ಒಂದು ವಾಚಿಗೋಸ್ಕರ ಬೆಂಗಳೂರಿಗೆ ಬರ್ತೀಯಾ ಅಕ್ಕಾ? ಇಷ್ಟು ಪ್ರೀತಿ ಭಾವನ ಮೇಲೆ ತೋರಿಸಿದ್ದಿದ್ರೆ ಅವರು ಇನ್ನೂ ನಾಲ್ಕು ಕೆ.ಜಿ. ದಪ್ಪ ಆಗ್ತಿದ್ರು’ ಎಂದು ಹನುಮಂತನಗರದ ತಂಗಿ ಫೋನಿನಲ್ಲಿ ನಕ್ಕಳು. ತಾಳಗುಪ್ಪದ ರಾತ್ರಿ ರೈಲಿನಲ್ಲಿ ನಿದ್ದೆ ಬಾರದೆ ಆ ಮಾತನ್ನೇ ಮೆಲುಕು ಹಾಕುತ್ತ ಮಲಗಿದ್ದೆ. ನಮ್ಮ ಭಾಷೆಯಲ್ಲಿ ‘ಮನಸೋತೆ’ ಎನ್ನುವ ಮಾತು ಗಂಡು ಹೆಣ್ಣಿನ ವಿಷಯಕ್ಕಷ್ಟೇ ಮೀಸಲಾಗಿಲ್ಲ. ಸೀರೆಯ ಅಂಚಿಗೆ ಮನಸೋಲುತ್ತೇವೆ, ಒಂದು ಆಲಾಪಕ್ಕೆ ಸೋಲುತ್ತೇವೆ, ಹೊಳೆಯ ತಿರುವಿಗೂ ಸೋಲುತ್ತೇವೆ. ಸೋಲು ವಿಪರೀತವಾದರೆ ಅದಕ್ಕೆ ಹುಚ್ಚು ಎಂದು ಹೆಸರಿಡುತ್ತೇವೆ: ಪುಸ್ತಕದ ಹುಚ್ಚು, ಗಿಡದ ಹುಚ್ಚು, ಕಾಫಿಯ ಹುಚ್ಚು. ನನಗಿರುವುದು ಯಾವ ಹಂತದ್ದು ಎಂದು ತೀರ್ಮಾನವಾಗುವ ಮೊದಲೇ ಅರಸೀಕೆರೆ ದಾಟಿತ್ತು.

ಮೊದಲನೆಯ ದಿನ

ರೈಲು ಬೆಳಕು ಹರಿಯುವ ಮುಂಚೆಯೇ ಮೆಜೆಸ್ಟಿಕ್ಕಿನಲ್ಲಿ ಇಳಿಸಿತು. ಅಷ್ಟು ಹೊತ್ತಿಗೆ ತಂಗಿಯ ಮನೆಯ ಗೇಟು ತಟ್ಟುವುದು ಸರಿಯಲ್ಲವೆಂದು ಕೆ.ಆರ್. ಮಾರ್ಕೆಟ್ಟಿನ ಕಡೆಗೆ ಆಟೋ ಹಿಡಿದೆ. ಬೆಂಗಳೂರಿನ ಹೂವಿನ ಮಾರುಕಟ್ಟೆಯನ್ನು ನೋಡಬೇಕೆಂದಿರುವವರು ಆರು ಗಂಟೆಯ ಒಳಗೇ ಹೋಗಬೇಕು, ಕಾಲಿಗೆ ಗಟ್ಟಿಯಾದ ಬೂಟು ಹಾಕಿಕೊಂಡಿರಬೇಕು. ಮೊದಲನೆಯದನ್ನು ನಾನು ಪಾಲಿಸಿದ್ದೆ, ಎರಡನೆಯದು ಗೊತ್ತಿರಲಿಲ್ಲ.

ಒಳಗೆ ಕಾಲಿಟ್ಟರೆ ಮೊದಲು ಎದುರಾಗುವುದು ಬಣ್ಣಕ್ಕಿಂತ ವಾಸನೆ. ಸುಗಂಧರಾಜದ ದಟ್ಟ ಸಿಹಿ, ಅದರ ಅಡಿಯಲ್ಲಿ ಮರುಗ ಮತ್ತು ದವನದ ಹಸಿರು ಕಾರ, ಎಲ್ಲಕ್ಕೂ ತಳದಲ್ಲಿ ನಿನ್ನೆಯ ಹೂವು ಕೊಳೆತು ಕೆಸರಾದ ಹುಳಿ. ಸೇವಂತಿಗೆಯ ಮೂಟೆಯನ್ನು ತಲೆಯ ಮೇಲೆ ಹೊತ್ತವರು ‘ದಾರಿ, ದಾರಿ’ ಎನ್ನುತ್ತ ನುಗ್ಗುತ್ತಾರೆ, ನಾವು ಗೋಡೆಗೆ ಒತ್ತಿಕೊಳ್ಳಬೇಕು. ಹಾಗೆ ಒತ್ತಿಕೊಂಡಾಗಲೇ ನನ್ನ ಬಲಗಾಲಿನ ಚಪ್ಪಲಿಯ ಉಂಗುಟ ಕಿತ್ತು ಕೆಸರಿನಲ್ಲಿ ಉಳಿಯಿತು. ಒಂಟಿ ಕಾಲಿನ ಮೇಲೆ ನಿಂತು ಅದನ್ನು ಎತ್ತಿಕೊಳ್ಳಲು ಪರದಾಡುತ್ತಿದ್ದಾಗ, ಮೆಟ್ಟಿಲಿನ ಮೇಲೆ ಕುಳಿತು ಕಾಕಡ ಕಟ್ಟುತ್ತಿದ್ದ ಹೆಂಗಸೊಬ್ಬರು ‘ಇಲ್ಲಿ ಕೊಡಿ ಅಕ್ಕ’ ಎಂದು ಚಪ್ಪಲಿಯನ್ನು ಕೈಗೆ ತೆಗೆದುಕೊಂಡರು. ನನಗೆ ಸಂಕೋಚವಾಯಿತು, ಹೂವು ಮುಟ್ಟುವ ಕೈ. ಅವರು ಅದನ್ನೇನೂ ಲೆಕ್ಕಿಸದೆ ಪಕ್ಕದ ಬಕೆಟ್ಟಿನಲ್ಲಿ ನೆನೆಹಾಕಿದ್ದ ಬಾಳೆನಾರಿನ ಎರಡು ಎಳೆ ತೆಗೆದು, ತೂತಿನಲ್ಲಿ ಪೋಣಿಸಿ, ಅಡಿಯಲ್ಲಿ ಗಂಟು ಹಾಕಿ ಕೊಟ್ಟು, ಕೈ ತೊಳೆದುಕೊಂಡು ಮತ್ತೆ ಹೂವಿಗೆ ಕೂತರು.

ಚಪ್ಪಲಿಯ ಋಣಕ್ಕೆಂದು ಎರಡು ಮಾರು ಕಾಕಡ ಕೇಳಿದೆ. ಅವರು ಮಾಲೆಯನ್ನು ಮೊಳಕೈಯಿಂದ ನಡುಬೆರಳಿನ ತುದಿಗೆ ಎಳೆದು, ಮತ್ತೆ ಮಡಚಿ, ಮತ್ತೆ ಎಳೆದು ಅಳೆಯುವುದನ್ನು ನೋಡುತ್ತ ನಿಂತೆ. ತೋಳು ಒಂದೇ ಲಯದಲ್ಲಿ ಹೋಗಿ ಬರುತ್ತಿತ್ತು, ಕಣ್ಣು ಬೇರೆಲ್ಲೋ ಇತ್ತು, ಬಾಯಿ ಪಕ್ಕದವಳೊಂದಿಗೆ ಚೀಟಿಯ ಹಣದ ಬಗ್ಗೆ ಜಗಳವಾಡುತ್ತಿತ್ತು. ಅಷ್ಟಾದರೂ ಎಣಿಕೆ ತಪ್ಪಲಿಲ್ಲ. ಕೊನೆಗೆ ಅರ್ಧ ಮೊಳ ಹೆಚ್ಚಿಗೇ ಬಿಟ್ಟು ನಾರನ್ನು ಹಲ್ಲಿನಿಂದ ಕಡಿದರು. ‘ನಿಮ್ಮ ಕೈ ಉದ್ದ ಇದೆ, ನಷ್ಟ ಆಗೋದಿಲ್ವಾ?’ ಎಂದು ಕೇಳಿದೆ. ‘ನಮ್ಮತ್ತೆ ಕೈ ಗಿಡ್ಡ ಇತ್ತು ಅಕ್ಕ, ಅವರ ಹತ್ರ ಗಿರಾಕಿ ನಿಲ್ತಿರ್ಲಿಲ್ಲ. ನನ್ನ ಮದುವೆ ಮಾಡ್ಕೊಂಡಿದ್ದೇ ಕೈ ನೋಡಿ’ ಎಂದು ನಗದೆಯೇ ಹೇಳಿದರು. ಆ ಅಳೆಯುವ ತೋಳಿಗೆ ನಾನು ಆವತ್ತಿನ ಮೊದಲ ಸೋಲು ಸೋತೆ. ನಿಂತಲ್ಲೇ ಇನ್ನೂ ಮೂರು ಗಿರಾಕಿಗಳಿಗೆ ಅಳೆದದ್ದನ್ನು ನೋಡಿ ಹೊರಟೆ.

ಸ್ನಾನ, ತಿಂಡಿ ಮುಗಿಸಿ ಹನ್ನೊಂದರ ಹೊತ್ತಿಗೆ ತಂಗಿಯೊಂದಿಗೆ ಅವೆನ್ಯೂ ರಸ್ತೆಗೆ ಹೋದೆ. ಹಳೆಯ ಪುಸ್ತಕ, ಮದುವೆ ಕಾರ್ಡು, ಬೆಳ್ಳಿ ಸಾಮಾನು ಎಂದು ನೂರು ಕವಲೊಡೆಯುವ ಆ ಪೇಟೆಯ ಒಂದು ಗಲ್ಲಿಯಲ್ಲಿ, ಕಪಾಟಿನಷ್ಟೇ ಅಗಲದ ಅಂಗಡಿಯಲ್ಲಿ, ಎಪ್ಪತ್ತು ದಾಟಿದ ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುಳಿತಿದ್ದರು. ವಾಚನ್ನು ಕೈಗೆ ತೆಗೆದುಕೊಂಡವರು ಮೊದಲು ಕಿವಿಗೆ ಇಟ್ಟುಕೊಂಡರು, ನಿಂತ ವಾಚನ್ನೂ! ಆಮೇಲೆ ಹಿಂದಿನ ಮುಚ್ಚಳ ತೆಗೆದು, ಯಂತ್ರಕ್ಕಿಂತ ಮೊದಲು ಮುಚ್ಚಳದ ಒಳಮೈಯನ್ನು ಬೆಳಕಿಗೆ ಹಿಡಿದರು. ‘ನೋಡಿ ಮೇಡಂ, ಇದರ ಜಾತಕ ಇಲ್ಲಿದೆ.’

ಭೂತಗನ್ನಡಿಯನ್ನು ನನಗೆ ಕೊಟ್ಟರು. ಹೊಳೆಯುವ ಉಕ್ಕಿನ ಮೇಲೆ ಸೂಜಿಯ ಮೊನೆಯಿಂದ ಗೀಚಿದ, ಕೂದಲಿಗಿಂತ ತೆಳ್ಳಗಿನ ಅಕ್ಷರಗಳು. ಪ್ರತಿ ಸಲ ಬಿಚ್ಚಿ ಎಣ್ಣೆ ಹಾಕಿದಾಗ ರಿಪೇರಿಯವನು ತನ್ನ ಗುರುತು ಮತ್ತು ತಾರೀಖನ್ನು ಅಲ್ಲಿ ಗೀಚುವುದು ಈ ಕಸುಬಿನ ವಾಡಿಕೆಯಂತೆ. ಒಟ್ಟು ಐದು ಸಾಲುಗಳಿದ್ದವು. ಎರಡನೆಯದು 2-5-91. ನನ್ನ ಮದುವೆ ನಡೆದದ್ದು ಆ ತಿಂಗಳ ಇಪ್ಪತ್ತನೆಯ ತಾರೀಖು. ಮುಹೂರ್ತ ಒಂದು ನಿಮಿಷವೂ ಆಚೀಚೆ ಆಗಬಾರದೆಂದು ಅಪ್ಪ ಮಂಟಪದ ಬಳಿ ಮಣಿಕಟ್ಟನ್ನು ಮುಖದ ಹತ್ತಿರ ಹಿಡಿದುಕೊಂಡೇ ನಿಂತಿದ್ದರು. ಫೋಟೋದಲ್ಲೂ ಹಾಗೆಯೇ ಇದ್ದಾರೆ. ಅದಕ್ಕಾಗಿ ಹದಿನೆಂಟು ದಿನ ಮೊದಲೇ ವಾಚಿಗೆ ಎಣ್ಣೆ ಹಾಕಿಸಿ ತಂದಿದ್ದರೆಂದು ನನಗೆ ತಿಳಿದದ್ದು ಅವೆನ್ಯೂ ರಸ್ತೆಯಲ್ಲಿ.

‘ಎಣ್ಣೆ ಒಣಗಿ ಅಂಟಾಗಿದೆ, ಮೈನ್ ಸ್ಪ್ರಿಂಗೂ ಸುಸ್ತಾಗಿದೆ. ಪಾರ್ಟ್ಸ್ ಹುಡುಕಬೇಕು, ಶನಿವಾರ ಬನ್ನಿ’ ಎಂದರು ಯಜಮಾನರು. ಹೊಸ ಬ್ಯಾಟರಿ ವಾಚೊಂದು ಇದರ ರಿಪೇರಿಯ ಹಣಕ್ಕೇ ಬರುವುದಿಲ್ಲವೇ ಎಂದು ತಂಗಿ ಕೇಳಿಯೇಬಿಟ್ಟಳು. ಅವರು ಬೇಸರಿಸಲಿಲ್ಲ. ‘ಬರುತ್ತಮ್ಮ, ಅದು ಟೈಮೂ ಸರಿಯಾಗಿ ತೋರಿಸುತ್ತೆ. ಆದ್ರೆ ಅದು ಸತ್ತಾಗ ಮಾತ್ರ ನೆನಪಿಗೆ ಬರೋದು. ಇದು ಹಂಗಲ್ಲ, ದಿನಾ ಬೆಳಿಗ್ಗೆ ಕೈ ಕೇಳುತ್ತೆ.’

ಈ ಮಾತು ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ನಾವು ಪ್ರೀತಿಸುವ ವಸ್ತುಗಳನ್ನು ಮನಸ್ಸಿನಲ್ಲೇ ಪಟ್ಟಿ ಮಾಡಿದೆ: ತುಳಸಿಕಟ್ಟೆ, ದೋಸೆಯ ಕಾವಲಿ, ಉಪ್ಪಿನಕಾಯಿಯ ಭರಣಿ, ತಂತಿ ಬಿಗಿಮಾಡಬೇಕಾದ ತಂಬೂರಿ. ಎಲ್ಲವೂ ದಿನವೂ ಏನಾದರೊಂದನ್ನು ಬೇಡುವಂಥವೇ. ಬೇಡುವುದಕ್ಕೇ ನಾವು ಒಲಿಯುತ್ತೇವೆ ಎಂಬ ಸಿದ್ಧಾಂತವನ್ನು ಅಂದಿನ ರಾತ್ರಿ ಊಟಕ್ಕೆ ಕುಳಿತಾಗ ಮಂಡಿಸಿದೆ. ತಂಗಿ ‘ಹಾಗಾದ್ರೆ ನಮ್ಮನೆ ಹಳೇ ಸ್ಕೂಟರ್ ತಗೊಂಡ್ ಹೋಗು’ ಎಂದಳು.

ಎರಡನೆಯ ದಿನ

ಸಿದ್ಧಾಂತ ಹನ್ನೆರಡು ತಾಸೂ ಬಾಳಲಿಲ್ಲ. ಅದನ್ನು ಮುರಿದದ್ದು ಲಾಲ್‌ಬಾಗಿನ ಬಂಡೆ.

ಲಾಲ್‌ಬಾಗನ್ನು ನಾನು ಮೊದಲೂ ನೋಡಿದ್ದೆ. ಶಾಲಾ ಪ್ರವಾಸದಲ್ಲಿ ಎರಡು ಬಸ್ಸು ಮಕ್ಕಳನ್ನು ಎಣಿಸುತ್ತ, ಗಾಜಿನ ಮನೆಯ ಮುಂದೆ ಸಾಲಾಗಿ ನಿಲ್ಲಿಸಿ, ‘1760ರಲ್ಲಿ ಹೈದರಾಲಿ ಆರಂಭಿಸಿದ ತೋಟ, ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ, ಬರೆದುಕೊಳ್ಳಿ’ ಎಂದು ಕೂಗುತ್ತ. ಆ ಎಣಿಕೆಯ ನಡುವೆ ತೋಟವನ್ನು ನೋಡಿದ್ದೆ ಎನ್ನುವುದು ಸುಳ್ಳು. ಈ ಸಲ ಬೆಳಿಗ್ಗೆ ಆರೂಕಾಲಕ್ಕೆ ಒಬ್ಬಳೇ ಒಳಹೊಕ್ಕೆ. ಹೆಚ್ಚು ಕಡಿಮೆ 240 ಎಕರೆಯ ತೋಟ, ಒಂದೇ ಬೆಳಿಗ್ಗೆ ಮುಗಿಸುವ ಹಟ ಮಾಡಬಾರದು. ಒಂದು ದಿಕ್ಕು ಹಿಡಿದು ಹೋಗಬೇಕು.

ಮಾರ್ಚಿನ ಬೆಂಗಳೂರು ಹೀಗಿರುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ. ಎಲೆಯೇ ಇಲ್ಲದ ಟಬೇಬುಯ ಮರಗಳು ಹಳದಿ ಹೂವನ್ನಷ್ಟೇ ಹೊತ್ತು ನಿಂತಿದ್ದವು. ಹೊಂಗೆಯ ಹೊಸ ಚಿಗುರು ಎಣ್ಣೆ ಹಚ್ಚಿದಂತೆ ಮಿನುಗುತ್ತಿತ್ತು. 1908ರಲ್ಲಿ ಇಲ್ಲಿಗೆ ಬಂದು ತೋಟದ ಹೊಣೆ ಹೊತ್ತ ಜರ್ಮನ್ ತೋಟಗಾರ ಕ್ರುಂಬಿಗಲ್, ಒಂದು ಜಾತಿಯ ಹೂವು ಉದುರುವಷ್ಟರಲ್ಲಿ ಇನ್ನೊಂದು ಅರಳುವಂತೆ ವರ್ಷದುದ್ದಕ್ಕೂ ಸರದಿ ನಿಲ್ಲದ ಹಾಗೆ ಬೀದಿಮರಗಳನ್ನು ಯೋಜಿಸಿದ ಎಂದು ಓದಿದ್ದೆ. ಆತ ಈ ಊರಿನಲ್ಲೇ ಉಳಿದು 1956ರಲ್ಲಿ ಇಲ್ಲಿಯೇ ತೀರಿಕೊಂಡ. ಯಾವುದೋ ದೇಶದವನು ಇನ್ನಾವುದೋ ಖಂಡದ ಮರ ತಂದು ಮೂರನೆಯ ಊರಿಗೆ ಮನಸೋತು ಕೂತದ್ದನ್ನು ನೆನೆದರೆ, ನನ್ನ ವಾಚಿನ ಪ್ರಯಾಣ ತೀರಾ ಸಾಧಾರಣ ಎನಿಸಿತು.

ಬಂಡೆಯ ವಿಷಯಕ್ಕೆ ಬರುತ್ತೇನೆ. ತೋಟದೊಳಗೇ ಇರುವ ಈ ದಿಣ್ಣೆಯ ನೆತ್ತಿಯ ಮೇಲೆ ಕೆಂಪೇಗೌಡರ ಹೆಸರಿನ ಪುಟ್ಟ ಗೋಪುರವಿದೆ, ಎಲ್ಲರೂ ಅದನ್ನು ನೋಡಲೆಂದೇ ಹತ್ತುತ್ತಾರೆ. ನಾನೂ ಹತ್ತಿದೆ, ಏದುಸಿರು ಬಂತು, ಅರ್ಧದಲ್ಲಿ ಕುಳಿತೆ. ಕುಳಿತಾಗ ಅಂಗೈ ಊರಿದ ಕಲ್ಲು ರಾತ್ರಿಯ ತಂಪನ್ನು ಇನ್ನೂ ಹಿಡಿದುಕೊಂಡಿತ್ತು. ಬಗ್ಗಿ ನೋಡಿದರೆ ಅದು ಒಂದೇ ಬಣ್ಣದ ಕಲ್ಲಾಗಿರಲಿಲ್ಲ. ಬೂದು, ಬಿಳಿ, ಕಪ್ಪು ಪಟ್ಟೆಗಳು ಪಕ್ಕಪಕ್ಕದಲ್ಲೇ ಹರಿದು, ಒಂದು ಕಡೆ ಮಡಚಿಕೊಂಡು, ಇನ್ನೊಂದು ಕಡೆ ಹಿಂಜಿ ತೆಳುವಾಗಿ, ರೊಟ್ಟಿಯ ಹಿಟ್ಟನ್ನು ನಾದುವಾಗ ಕೈ ನಿಲ್ಲಿಸಿದ ಹಾಗಿತ್ತು. ನಡುವೆ ಅಭ್ರಕದ ಚೂರುಗಳು ಬೆಳಗಿನ ಓರೆ ಬಿಸಿಲಿಗೆ ಮಿಣುಕುತ್ತಿದ್ದವು. ಇದನ್ನು ಪೆನಿನ್ಸುಲಾರ್ ನೈಸ್ ಎಂದು ಭೂವಿಜ್ಞಾನಿಗಳು ಕರೆಯುತ್ತಾರೆ. ವಯಸ್ಸು ಸುಮಾರು 300 ಕೋಟಿ ವರ್ಷ. ಭೂಮಿಯ ಆಳದ ಕಾವು ಮತ್ತು ಒತ್ತಡಕ್ಕೆ ಸಿಕ್ಕಿ ಖನಿಜಗಳು ಬೇರೆ ಬೇರೆ ಪದರಗಳಾಗಿ ಸಾಲುಗಟ್ಟಿದ್ದರಿಂದ ಆ ಪಟ್ಟೆಗಳು ಮೂಡಿವೆ. ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿ ಫಲಕವನ್ನೂ ನಿಲ್ಲಿಸಿದ್ದಾರೆ.

300 ಕೋಟಿ ವರ್ಷ ಎನ್ನುವುದನ್ನು ನಾನು ಮಕ್ಕಳಿಗೆ ಸೊನ್ನೆಗಳ ಲೆಕ್ಕದಲ್ಲಿ ಹೇಳಬಲ್ಲೆ, ಮನಸ್ಸಿನಲ್ಲಿ ಹಿಡಿಯಲಾರೆ. ಆದರೆ ಅಂಗೈ ಅದನ್ನು ಹಿಡಿದಿತ್ತು. ಈ ಬಂಡೆ ಯಾರಿಂದಲೂ ಏನನ್ನೂ ಕೇಳುವುದಿಲ್ಲ. ಕೀಲಿ ಬೇಡ, ನೀರು ಬೇಡ, ನಾನು ಬಂದದ್ದೂ ಅದಕ್ಕೆ ಗೊತ್ತಿಲ್ಲ. ಆದರೂ ಏಳಲು ಮನಸ್ಸಾಗಲಿಲ್ಲ. ಬೇಡುವುದಕ್ಕೆ ಒಲಿಯುತ್ತೇವೆ ಎಂದು ರಾತ್ರಿಯಷ್ಟೇ ಅಷ್ಟು ಜೋರಾಗಿ ಹೇಳಿದ್ದೆನಲ್ಲ, ಅದು ಇಲ್ಲಿಗೆ ಬಿತ್ತು. ವಾಚು ಇಲ್ಲದ ಕೈಯಲ್ಲಿ ಎಷ್ಟು ಹೊತ್ತು ಕುಳಿತೆನೋ ತಿಳಿಯದು. ಕಲ್ಲು ಬೆಚ್ಚಗಾಗಿ, ಆಮೇಲೆ ಸುಡಲಾರಂಭಿಸಿ ಎಬ್ಬಿಸಿದಾಗ ಇಳಿದೆ. ಬಂಡೆಯ ಮೇಲೆ ಕೂರುವ ಆಸೆಯಿರುವವರು ಒಂಬತ್ತರೊಳಗೆ ಆಸೆ ತೀರಿಸಿಕೊಳ್ಳುವುದು ಒಳ್ಳೆಯದು.

ಹಸಿವು ಶಂಕರಪುರದ ಕಡೆಗೆ ಎಳೆಯಿತು. 1965ರಿಂದ ನಡೆಯುತ್ತಿರುವ ಬ್ರಾಹ್ಮಿನ್ಸ್ ಕಾಫಿ ಬಾರಿನಲ್ಲಿ ಕೂರಲು ಕುರ್ಚಿಯಿಲ್ಲ, ಸಾಂಬಾರಂತೂ ಇಲ್ಲವೇ ಇಲ್ಲ. ಇಡ್ಲಿ, ವಡೆ, ಅದರ ಮೇಲೆ ತೆಳ್ಳಗಿನ ಚಟ್ನಿ, ಕೇಳಿದಷ್ಟು ಸಲ ಮತ್ತೆ ಚಟ್ನಿ. ತಟ್ಟೆ ಹಿಡಿದು ರಸ್ತೆಯಂಚಿನ ಮರದ ನೆರಳಿಗೆ ಸರಿದಾಗ ಪಕ್ಕದಲ್ಲಿ ನಿಂತಿದ್ದ ನಿವೃತ್ತ ಬ್ಯಾಂಕ್ ನೌಕರರೊಬ್ಬರು ತಾವಾಗಿಯೇ ಮಾತಿಗೆಳೆದರು. ಯಲಹಂಕದಿಂದ ಎರಡು ಬಸ್ಸು ಬದಲಿಸಿ ವಾರಕ್ಕೊಮ್ಮೆ ಇಲ್ಲಿಗೆ ಬರುತ್ತಾರಂತೆ. ‘ಮನೇಲಿ ಚಟ್ನಿ ಇದಕ್ಕಿಂತ ಚೆನ್ನಾಗಿ ಮಾಡ್ತಾರೆ, ಸುಳ್ಳು ಯಾಕೆ ಹೇಳಲಿ?’ ಎಂದರು. ಹಾಗಾದರೆ ಯಾಕೆ ಇಷ್ಟು ದೂರ ಎಂದೆ. ಅವರು ವಡೆಯನ್ನು ಚಟ್ನಿಯಲ್ಲಿ ಅದ್ದಿ, ಮೇಲೆತ್ತಿ, ತೊಟ್ಟಿಕ್ಕುವುದು ನಿಲ್ಲುವವರೆಗೂ ಕಾದು, ಬಾಯಿಗಿಟ್ಟು, ಪೂರ್ತಿ ಅಗಿದು ನುಂಗಿದ ಮೇಲೆ, ‘ಗೊತ್ತಿಲ್ಲಮ್ಮ’ ಎಂದರು. ಇಷ್ಟು ಪ್ರಾಮಾಣಿಕವಾದ ಉತ್ತರವನ್ನು ನನ್ನ ವಿದ್ಯಾರ್ಥಿಗಳಾರೂ ಬರೆದಿರಲಿಲ್ಲ.

ಮೂರನೆಯ ದಿನ

ಬೆಳಗಿನ ಹೊತ್ತು ನೆಂಟರ ಮನೆಗಳಲ್ಲಿ ಕಳೆಯಿತು. ಮೂರು ಮನೆ, ಮೂರು ಕುಂಕುಮ, ನಾಲ್ಕು ಲೋಟ ಕಾಫಿ, ಬರೆಯುವಂಥದ್ದೇನೂ ಇಲ್ಲ.

ಮಧ್ಯಾಹ್ನ ತಂಗಿಯ ಒತ್ತಾಯಕ್ಕೆ ಜಾಲಹಳ್ಳಿಯ ಎಚ್‌ಎಂಟಿ ವಸ್ತುಸಂಗ್ರಹಾಲಯಕ್ಕೆ ಹೋದೆವು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಾಚು ತಯಾರಿಕೆ, ದೇಶದ ಮಣಿಕಟ್ಟುಗಳನ್ನೆಲ್ಲ ಆಳಿ, ಬ್ಯಾಟರಿ ವಾಚುಗಳ ಮುಂದೆ ಸೊರಗಿ, 2016ರಲ್ಲಿ ಕೇಂದ್ರ ಸರ್ಕಾರದ ತೀರ್ಮಾನದೊಂದಿಗೆ ಬಾಗಿಲು ಹಾಕಿದ ಕಥೆಯನ್ನು ನೆನೆಯುತ್ತ ಒಂದೊಂದೇ ಗಾಜಿನ ಕಪಾಟನ್ನು ದಾಟಿದೆ. ಸಾಲು ಸಾಲು ವಾಚುಗಳು, ಒಂದಕ್ಕಿಂತ ಒಂದು ಚೆಂದ. ಆದರೆ ನನಗೆ ಏನೂ ಆಗಲಿಲ್ಲ. ಅಪ್ಪನದರಂಥದೇ ಜನತಾದ ಮುಂದೆ ನಿಂತಾಗಲೂ ಆಗಲಿಲ್ಲ. ಅದರ ಪಟ್ಟಿಯಲ್ಲಿ ಬೆವರಿನ ಕಲೆಯಿರಲಿಲ್ಲ, ಗಾಜಿನಲ್ಲಿ ಗೀರಿರಲಿಲ್ಲ. ತಂಗಿ ಮಾತ್ರ ಅಲ್ಲೊಂದು ಗೋಡೆ ಗಡಿಯಾರದ ಮುಂದೆ ಬಹಳ ಹೊತ್ತು ನಿಂತಿದ್ದಳು. ನಮ್ಮ ಶಾಲೆಯ ಹೆಡ್‌ಮಾಸ್ತರರ ಕೋಣೆಯಲ್ಲಿದ್ದದ್ದು ಅಂಥದೇ ಎಂದು ಮೆಟ್ರೋದಲ್ಲಿ ಕುಳಿತ ಮೇಲೆ ಹೇಳಿದಳು. ನಿಂತದ್ದು ಯಾಕೆಂದು ನಾನು ಕೆದಕಲಿಲ್ಲ.

ನಾಲ್ಕನೆಯ ದಿನ

ಬೇಗೂರಿಗೆ ಹೋಗಬೇಕೆಂದದ್ದು ನನ್ನದೇ ಹಟ. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ‘ಬೆಂದಕಾಳೂರು’ ಆಯಿತೆಂಬ ಕಥೆಯನ್ನು ನಾನೂ ತರಗತಿಯಲ್ಲಿ ಹೇಳಿದ್ದುಂಟು. ಆ ಹೊಯ್ಸಳನಿಗಿಂತ ಎಷ್ಟೋ ಮೊದಲು, ಗಂಗರ ಕಾಲದ ಸುಮಾರು ಕ್ರಿ.ಶ. 890ರ ವೀರಗಲ್ಲು ಶಾಸನದಲ್ಲಿಯೇ ‘ಬೆಂಗಳೂರು ಕಾಳಗ’ದ ಉಲ್ಲೇಖವಿರುವುದು ಬೇಗೂರಿನಲ್ಲಿ. ಒಂದು ಸುಳ್ಳನ್ನು ಅಷ್ಟು ವರ್ಷ ಪ್ರೀತಿಯಿಂದ ಹೇಳಿದ ಮೇಲೆ ನಿಜದ ಮುಖವನ್ನು ಒಮ್ಮೆಯಾದರೂ ನೋಡಬೇಡವೇ?

ಆರ್.ವಿ. ರಸ್ತೆ ನಿಲ್ದಾಣದಿಂದ, 2025ರ ಆಗಸ್ಟಿನಲ್ಲಿ ಆರಂಭವಾದ ಹಳದಿ ಮಾರ್ಗದ ಮೆಟ್ರೋ ಹಿಡಿದೆ. ಕೆಳಗೆ ರಸ್ತೆ, ಅದರ ಮೇಲೆ ಮೇಲ್ಸೇತುವೆ, ಅದಕ್ಕೂ ಮೇಲೆ ನಾವು. ಬದುಕಿನಲ್ಲಿ ಮೊದಲ ಬಾರಿಗೆ ಸಿಲ್ಕ್ ಬೋರ್ಡಿನ ವಾಹನಸಾಗರವನ್ನು ಗರುಡನಂತೆ ನೋಡಿದೆ. ಬೊಮ್ಮನಹಳ್ಳಿಯಲ್ಲಿ ಇಳಿದು ಆಟೋ ಹತ್ತುವವರೆಗೂ ಎಲ್ಲ ಸರಿಯಿತ್ತು. ‘ಬೇಗೂರು ದೇವಸ್ಥಾನ’ ಎಂದಷ್ಟೇ ಹೇಳಿ ಕುಳಿತದ್ದು ನನ್ನ ತಪ್ಪು. ಆಟೋದವರು ಹೊಚ್ಚ ಹೊಸ ಬಡಾವಣೆಯ ಹೊಚ್ಚ ಹೊಸ ಗುಡಿಯೊಂದರ ಮುಂದೆ ಇಳಿಸಿ ಹೊರಟುಹೋದರು. ಅಲ್ಲಿನ ಅರ್ಚಕರ ಹುಡುಗ ನನ್ನ ಪ್ರಶ್ನೆ ಕೇಳಿ ಕನಿಕರದಿಂದ, ‘ಶಾಸನಾನಾ? ಅದು ನಾಗೇಶ್ವರನ ಗುಡಿ ಅಜ್ಜಿ, ಪಂಚಲಿಂಗೇಶ್ವರ ಅಂತ ಕೇಳಿ’ ಎಂದ. ‘ಅಜ್ಜಿ’ ಎಂಬುದನ್ನು ಅರಗಿಸಿಕೊಳ್ಳುತ್ತ ಬಿಸಿಲಿನಲ್ಲಿ ಮುಕ್ಕಾಲು ತಾಸು ನಡೆದೆ. ಬಾಳೆನಾರಿನ ಗಂಟು ಹಾಕಿದ ಅದೇ ಚಪ್ಪಲಿ, ಕೇಳಿದವರಿಗೆಲ್ಲ ಹೇಳುತ್ತೇನೆ, ಆವತ್ತೂ ಬಿಡಲಿಲ್ಲ.

ಕಲ್ಲಿನ ಮುಂದೆ ಮಂಡಿಯೂರಿ ಕುಳಿತೆ. ಹಳಗನ್ನಡ ಕಲಿಸಿದವಳೆಂಬ ಹಮ್ಮು ಮೊದಲ ಸಾಲಿನಲ್ಲೇ ಇಳಿಯಿತು. ಒಂಬತ್ತನೆಯ ಶತಮಾನದ ಅಕ್ಷರಗಳು ನಮ್ಮವೇ, ಆದರೆ ನಮ್ಮ ಕಡೆಗೆ ತಿರುಗಿ ನೋಡುವುದಿಲ್ಲ. ಕಣ್ಣು ಒಗ್ಗುತ್ತ ಹೋದಂತೆ ಒಂದು ‘ನ’, ಒಂದು ‘ಗ’, ಒಂದು ‘ರ’ ಸಂತೆಯ ಜಂಗುಳಿಯಲ್ಲಿ ಗುರುತಿನ ಮುಖ ಕಂಡಂತೆ ಕಂಡವು. ಬಳಕೆಯಿಂದ ಬಿದ್ದುಹೋದ ಱ ಮತ್ತು ೞಗಳನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೆನೋ. ಅವು ಇಲ್ಲಿ ಎಲ್ಲಾದರೂ ಇವೆಯೇ ಎಂದು ಬೆರಳಾಡಿಸದೆ, ಕಣ್ಣಿನಿಂದಷ್ಟೇ ಹುಡುಕಿದೆ. ಸವೆದ ಕಲ್ಲನ್ನು ಮುಟ್ಟಬಾರದು, ಸುಣ್ಣವನ್ನೋ ಕುಂಕುಮವನ್ನೋ ತುಂಬಿ ಓದುವ ಚಪಲವನ್ನೂ ತಡೆದುಕೊಳ್ಳಬೇಕು. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿಯವರು ನಗರದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುತ್ತಿರುವುದರಿಂದ, ಇಲ್ಲಿ ನನ್ನ ಕಣ್ಣಿಗೆ ಸಿಗದ ಅಕ್ಷರ ಅಲ್ಲಿ ಸಿಕ್ಕೀತು.

ಪ್ರದಕ್ಷಿಣೆ ಮುಗಿಸಿ ಬಂದ ಅಜ್ಜಿಯೊಬ್ಬರು (ನಿಜವಾದ ಅಜ್ಜಿ) ಪಕ್ಕದಲ್ಲಿ ನಿಂತು, ‘ಏನ್ ಓದ್ತಿದ್ದೀಯವ್ವಾ?’ ಎಂದರು. ‘ಬೆಂಗಳೂರಿನ ಜಗಳದಲ್ಲಿ ಸತ್ತವನೊಬ್ಬನ ಕಲ್ಲಂತೆ’ ಎಂದೆ. ‘ಯಾತಕ್ಕೆ ಜಗಳ, ನೆಲಕ್ಕಾ?’ ‘ಇರಬಹುದು.’ ‘ಇನ್ನೇನಕ್ಕೆ ಆಡ್ತಾರೆ! ನಮ್ಮದೂ ಎರಡೆಕ್ರೆ ಇತ್ತು ಇಲ್ಲೇ ಆಚೆ, ರಾಗಿ ಹಾಕ್ತಿದ್ವಿ. ಈಗ ಮೂವತ್ತು ಮಾಳಿಗೆ ನಿಂತವೆ’ ಎಂದು ಆಕಾಶದ ಕಡೆ ಕೈ ತೋರಿಸಿದರು. ಆಮೇಲೆ ಇಬ್ಬರೂ ಜಗಲಿಯ ಮೇಲೆ ಕುಳಿತು, ಅವರ ಸೆರಗಿನ ಗಂಟಿನಲ್ಲಿದ್ದ ಪ್ರಸಾದದ ಕೊಬ್ಬರಿಯನ್ನು ಹಂಚಿಕೊಂಡು ತಿಂದೆವು. ಹೊಲದ ಬಗ್ಗೆ ಅವರು ಒಂದು ತಾಸು ಮಾತಾಡಿದರು. ಯಾವ ಮೂಲೆಯಲ್ಲಿ ನೀರು ನಿಲ್ಲುತ್ತಿತ್ತು, ಯಾವ ಬದುವಿನ ಹುಲ್ಲಿಗೆ ಎಮ್ಮೆ ಹಾತೊರೆಯುತ್ತಿತ್ತು, ಮೊದಲ ಮಳೆಗೆ ಮಣ್ಣು ಎಂಥ ವಾಸನೆ ಬೀರುತ್ತಿತ್ತು. ಮಾತಿನ ನಡುವೆ ಗಂಡನ ಪ್ರಸ್ತಾಪ ಒಂದೇ ಸಲ ಬಂತು, ಅದೂ ಆತ ಹೊಲ ಮಾರಿದವನೆಂಬ ಕಾರಣಕ್ಕೆ.

ಐದನೆಯ ದಿನ

ಶನಿವಾರ ಮಧ್ಯಾಹ್ನ ಮೂರರ ಹೊತ್ತಿಗೆ ಆಕಾಶ ಇದ್ದಕ್ಕಿದ್ದಂತೆ ಕಪ್ಪಾಗಿ, ಅವೆನ್ಯೂ ರಸ್ತೆಯ ಬಾಯಿಯಲ್ಲಿ ನಾನು ಆಟೋ ಇಳಿಯುವುದಕ್ಕೂ ಆಲಿಕಲ್ಲು ಬೀಳುವುದಕ್ಕೂ ಸರಿಹೋಯಿತು. ಹಳೆಯ ಪುಸ್ತಕದವರು ಪ್ಲಾಸ್ಟಿಕ್ ಹಾಳೆ ಎಳೆಯಲು ಓಡಿದರು, ನಾನೂ ಒಂದು ತುದಿ ಹಿಡಿದೆ. ಗಲ್ಲಿ ಸೇರುವಷ್ಟರಲ್ಲಿ ಸೀರೆ ಮೊಣಕಾಲಿನವರೆಗೆ ತೊಯ್ದಿತ್ತು, ಕರೆಂಟು ಹೋಗಿತ್ತು. ರಿಪೇರಿಯವರು ಪುಟ್ಟದೊಂದು ಟಾರ್ಚಿನ ಬೆಳಕಿನಲ್ಲಿ ಕುಳಿತಿದ್ದರು.

ವಾಚಿನ ಮುಚ್ಚಳವನ್ನು ಅ‌ವರು ಇನ್ನೂ ಹಾಕಿರಲಿಲ್ಲ, ನನಗೆ ತೋರಿಸಬೇಕೆಂದು ಕಾದಿದ್ದರು. ಟಾರ್ಚಿನ ಕೆಳಗೆ ಬ್ಯಾಲೆನ್ಸ್ ಚಕ್ರ ಅತ್ತಿತ್ತ ತೊನೆಯುತ್ತಿತ್ತು, ಸೆಕೆಂಡಿಗೆ ಐದು ಬಡಿತ. ಕೂದಲಿನಂಥ ಸುರುಳಿ ಹಿಗ್ಗುತ್ತ ಕುಗ್ಗುತ್ತ ಉಸಿರಾಡುವ ಪುಟ್ಟ ಜೀವಿಯ ಎದೆಯಂತಿತ್ತು. ಒಳಗಿನ ಹದಿನೇಳು ಕೆಂಪು ಹರಳುಗಳಲ್ಲಿ ಕಣ್ಣಿಗೆ ಕಂಡ ನಾಲ್ಕೈದು ಹರಳುಗಳು ಎಣ್ಣೆಯ ಹನಿ ಹೊತ್ತು ಹೊಳೆದವು. ಹೊರಗೆ ತಗಡಿನ ಮೇಲೆ ಆಲಿಕಲ್ಲಿನ ಸದ್ದು ಎಷ್ಟಿತ್ತೆಂದರೆ ಟಿಕ್‌ಟಿಕ್ ಕೇಳಿಸಲಿಲ್ಲ, ಕಾಣಿಸುತ್ತಿತ್ತು ಅಷ್ಟೇ.

‘ನನ್ನ ಗುರುತು ಹಾಕಲಾ?’ ಎಂದರು. ಹೂಂ ಎಂದೆ. ಮುಚ್ಚಳವನ್ನು ಮಗುಚಿ, ಹಳೆಯ ಐದು ಸಾಲುಗಳ ಕೆಳಗೆ ಸೂಜಿಯಿಂದ ತಾರೀಖು ಗೀಚಿದರು. ಕೊನೆಯಲ್ಲಿ ಒಂದು ‘ರ’. ಕನ್ನಡದ ‘ರ’. ಬೇಗೂರಿನಲ್ಲಿ ಕಂಡು ಬಂದದ್ದಕ್ಕಿಂತ ದುಂಡಗಿತ್ತು. ಎಷ್ಟು ತಿರುಗಿಸಬೇಕೆಂದು ಕೇಳಿದೆ. ‘ಎಣಿಸಬೇಡಿ ಮೇಡಂ, ಬೆರಳಿಗೆ ಬಿಗಿ ಸಿಕ್ಕ ತಕ್ಷಣ ನಿಲ್ಲಿಸಿ. ಅದೇ ಹೇಳುತ್ತೆ.’

ರಾತ್ರಿ ರೈಲಿನಲ್ಲಿ ಕೆಳಗಿನ ಬರ್ತು ಸಿಕ್ಕಿತ್ತು. ವಾಚು ಕಟ್ಟಿದ ಕೈಯನ್ನು ದಿಂಬಿನ ಅಡಿಗೆ ಇಟ್ಟು ಮಲಗಿದೆ. ಚೀಲದಿಂದ ತಂಗಿ ಕೊಟ್ಟ ಕಾಫಿಪುಡಿಯ ಘಮ ಬರುತ್ತಿತ್ತು, ಅದರೊಳಗೆ ಬಾಡಿದ ಕಾಕಡದ್ದೂ ಸ್ವಲ್ಪ.

ಬೆಳಿಗ್ಗೆ ಸಾಗರದ ನಿಲ್ದಾಣದಲ್ಲಿ ಯಜಮಾನರು ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಚೀಲವನ್ನು ಕೈಗೆ ತೆಗೆದುಕೊಳ್ಳುತ್ತ, ‘ಎಷ್ಟಾಯ್ತು?’ ಎಂದರು.

ಮಣಿಕಟ್ಟನ್ನು ಮುಖದ ಹತ್ತಿರ ತಂದು ನೋಡಿದೆ. ‘ಆರು ನಲವತ್ತೆರಡು.’

‘ರಿಪೇರಿಗೆ ಎಷ್ಟಾಯ್ತು ಅಂದೆ ಮಾರಾಯ್ತಿ’ ಎಂದು ಅವರು ಕಿಕ್ ಹೊಡೆದರು.